ಹೂಂ ಅನ್ನಿಸುವ ವಾಕ್ಯ

ಇಂಗ್ಲಿಷಿಗೆ ಒಂದು ಹಟ ಇದೆ. ಏನು ನಡೆಯಿತು ಅಂತ ಹೇಳಿದರೆ ಸಾಲದು, ಯಾರು ಅಂತಲೂ ಹೇಳಬೇಕು. ಹೇಳೋಕೆ ಯಾರೂ ಇಲ್ಲದಿದ್ದರೂ ಹೇಳಬೇಕು. ಮಳೆ ಬಂದರೆ ‘ಇಟ್ ಈಸ್ ರೈನಿಂಗ್’. ಈ ‘ಇಟ್’ ಯಾರು? ಮೋಡವಾ, ಆಕಾಶವಾ, ವರುಣದೇವನಾ? ಯಾರೂ ಅಲ್ಲ. ಅಧ್ಯಕ್ಷರು ಬರಲಿಲ್ಲ ಅಂತ ಮುಂದಿನ ಸಾಲಿನ ಹಿರಿಯರೊಬ್ಬರನ್ನು ಕರೆದು ವೇದಿಕೆ ಮೇಲೆ ಕೂರಿಸುತ್ತಾರಲ್ಲ, ಆ ಥರದ ಕರ್ತೃ. ಕೆಲಸ ಏನೂ ಇಲ್ಲ, ಕುರ್ಚಿ ಖಾಲಿ ಇರಬಾರದು ಅಷ್ಟೇ.

ಕನ್ನಡದಲ್ಲಿ ಮಳೆ ತಾನೇ ಬರುತ್ತದೆ. ಚಳ್ಳಕೆರೆ, ಹಿರಿಯೂರು ಕಡೆಯವರನ್ನು ಕೇಳಿ, ಮಳೆಗಿಂತ ದೊಡ್ಡ ಕರ್ತೃ ಅವರಿಗೆ ಇನ್ನೊಂದಿಲ್ಲ. ಬಂದರೂ ಅದೇ ಸುದ್ದಿ, ಬರದಿದ್ದರೂ ಅದೇ ಸುದ್ದಿ.

ಈ ಹಟಕ್ಕೆ ಕಾರಣ ಇಲ್ಲದಿಲ್ಲ. ನಾವು ‘ಬಂದೆ’ ಅಂದರೆ ನಾನು, ‘ಬಂದಳು’ ಅಂದರೆ ಅವಳು, ‘ಬಂದ್ರಿ’ ಅಂದರೆ ನೀವು. ಆಳು ಕ್ರಿಯಾಪದದ ಬಾಲದಲ್ಲೇ ಕೂತಿದ್ದಾನೆ. ಇಂಗ್ಲಿಷಿನ ‘ಕೇಮ್’ ಎಲ್ಲರಿಗೂ ಒಂದೇ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೂ ಇಂಥ ಬಾಲಗಳಿದ್ದವು, ಸವೆದು ಹೋದವು. ‘ಆಮ್, ಈಸ್, ಆರ್’ ಮನೆತನವನ್ನು ಬಿಟ್ಟರೆ ಈಗ ಉಳಿದಿರುವುದು ವರ್ತಮಾನ ಕಾಲದ ಒಂದು ‘ಎಸ್’. ನಮ್ಮ ಮಕ್ಕಳು ಸರಿಯಾಗಿ ಅದನ್ನೇ ಬಿಡುತ್ತಾರೆ: ‘ಮೈ ಫಾದರ್ ವರ್ಕ್ ಇನ್ ದಾವಣಗೆರೆ’.

ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗ ಟ್ಯೂಷನ್ ಮುಗಿಸಿ ಬಂದವನೇ ನನ್ನ ಮುಂದೆ ವರ್ಕ್‌ಬುಕ್ ಬಿಚ್ಚುತ್ತಾನೆ. ಯಾವುದು ಪೂರ್ತಿ ಸೆಂಟೆನ್ಸ್, ಯಾವುದು ಅರ್ಧ ಅಂತ ಗುರುತು ಹಾಕಬೇಕು. ಸಬ್ಜೆಕ್ಟ್ ಇರಬೇಕು, ವರ್ಬ್ ಇರಬೇಕು ಅನ್ನೋದು ಅವನಿಗೆ ಬಾಯಿಪಾಠ. ಆದರೂ ‘ದಿ ಬಸ್ ಗೋಯಿಂಗ್ ಟು ಹರಿಹರ’ ಅನ್ನುವುದಕ್ಕೆ ಸರಿ ಗುರುತು ಹಾಕಿದ್ದ. ಬಸ್ ಇದೆ, ಗೋಯಿಂಗ್ ಇದೆ, ಇನ್ನೇನು ಬೇಕು ಅಂತ ಅವನ ವಾದ.

“ಅದನ್ನೇ ಕನ್ನಡದಲ್ಲಿ ಹೇಳು.”

“ಹರಿಹರಕ್ಕೆ ಹೋಗೋ ಬಸ್ಸು...”

“ಹೂಂ, ಆ ಬಸ್ಸಿಗೆ ಏನಾಯ್ತು?”

ಹುಡುಗ ತಲೆ ಕೆರೆದುಕೊಂಡು ಗುರುತು ಅಳಿಸಿದ. ‘ಈಸ್’ ಇಲ್ಲದ ‘ಗೋಯಿಂಗ್’ ಕ್ರಿಯಾಪದದ ವೇಷ ಹಾಕಿರುತ್ತದೆ, ಕೆಲಸ ಮಾಡುವುದಿಲ್ಲ. ನನಗೆ ಕಂಡಂತೆ, ಸೂತ್ರಕ್ಕಿಂತ ಕಿವಿ ವಾಸಿ. ಅಜ್ಜಿ ಕಥೆ ಹೇಳುವಾಗ ಎಲ್ಲಿ ಹೂಂಗುಟ್ಟಬೇಕು, ಎಲ್ಲಿ ‘ಆಮೇಲೆ?’ ಅನ್ನಬೇಕು ಅಂತ ಯಾವ ಮಗುವಿಗೂ ಯಾರೂ ಕಲಿಸಿಲ್ಲ. ‘ಬಿಕಾಸ್ ಇಟ್ ರೈನ್ಡ್’ ಅಂತ ನಿಲ್ಲಿಸಿದರೆ ಕರ್ತೃವೂ ಇದೆ, ಕ್ರಿಯಾಪದವೂ ಇದೆ, ಆದರೂ ಕೇಳುವವರು ‘ಅದಕ್ಕೆ?’ ಅಂತಾರೆ. ‘ಮಳೆ ಬಂದಿದ್ದಕ್ಕೆ’ ಅಂತ ಹೇಳಿ ಯಾರಾದರೂ ಎದ್ದು ಹೋಗುತ್ತಾರಾ? ಒಂದೇ ಒಂದು ‘ಬಿಕಾಸ್’ ಒಳ್ಳೆ ವಾಕ್ಯವನ್ನು ಕುಂಟಾಗಿಸಿಬಿಡುತ್ತದೆ.

ಈ ಕಿವಿ ಎಲ್ಲ ಕಡೆ ನಡೆಯುವುದಿಲ್ಲ, ಅದನ್ನೂ ಹೇಳಿಬಿಡಬೇಕು. ದಾವಣಗೆರೆಯ ಯಾವುದೇ ಬೆಣ್ಣೆ ದೋಸೆ ಹೋಟೆಲಿನಲ್ಲಿ ಬೆಳಗ್ಗೆ ಹತ್ತು ನಿಮಿಷ ಸುಮ್ನೆ ಕೂತು ಕೇಳಿ. ‘ಎರಡು ಬೆಣ್ಣೆ, ಒಂದು ಓಪನ್.’ ‘ಇಲ್ಲಿ ಚಟ್ನಿ.’ ‘ಪಲ್ಯ ಜಾಸ್ತಿ.’ ಕಾವಲಿ ಮುಂದೆ ನಿಂತವರು ಎಲ್ಲಕ್ಕೂ ಹೂಂ ಅಂತಾರೆ, ದೋಸೆಯೂ ಬರುತ್ತದೆ. ಇಂಗ್ಲಿಷ್ ಲೆಕ್ಕದಲ್ಲಿ ಇದರಲ್ಲಿ ಒಂದೂ ವಾಕ್ಯ ಇಲ್ಲ. ‘ಕೊಡಿ’ ಅಂತ ಯಾರಾದರೂ ಅಂದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಪ್ಪಣೆಯ ಮಾತಿನಲ್ಲಿ ಇಂಗ್ಲಿಷೂ ಸಡಿಲ ಬಿಡುತ್ತದೆ: ‘ಕಮ್’, ‘ಗೋ’, ‘ಸಿಟ್’ ಇವೆಲ್ಲ ಒಂಟಿ ಪದದ ಪೂರ್ತಿ ವಾಕ್ಯಗಳು. ಕರ್ತೃ ‘ಯೂ’ ಒಳಗೆ ಅಡಗಿರುತ್ತಾನೆ.

ನಮ್ಮವರು ಜಾಸ್ತಿ ಎಡವುವುದು ‘ಈಸ್’ ಹತ್ತಿರ. ಚಿತ್ರದುರ್ಗದ ಕೋಟೆ ಹತ್ತಿಸುವವರು ‘ಇದು ಓಬವ್ವನ ಕಿಂಡಿ’, ‘ಇದು ಏಕನಾಥೇಶ್ವರಿ ಗುಡಿ’, ‘ಅದು ಅಕ್ಕ ತಂಗಿ ಹೊಂಡ’ ಅಂತ ತೋರಿಸುತ್ತಾರೆ. ಕ್ರಿಯಾಪದವೇ ಇಲ್ಲ, ಏನೂ ಕೊರತೆಯೂ ಇಲ್ಲ. ಕನ್ನಡ ಮೇಷ್ಟ್ರು ಇದಕ್ಕೆ ಅಧ್ಯಾಹಾರ, ಅಂದರೆ ಹೇಳದೆ ಬಿಟ್ಟ ಪದವನ್ನು ನಾವೇ ಸೇರಿಸಿಕೊಳ್ಳೋದು, ಅಂತ ಹೆಸರಿಟ್ಟು ಬಿಟ್ಟುಬಿಡುತ್ತಾರೆ. ಅದೇ ಬಾಯಿಂದ ‘ದಿಸ್ ಓಬವ್ವ ಕಿಂಡಿ’ ಬಂದರೆ ತಪ್ಪು ಅಂತ ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಕನ್ನಡದ ಕಟ್ಟು, ಇಂಗ್ಲಿಷ್ ಅಂಗಿ ಹಾಕಿಕೊಂಡಿದೆ. ದಡ್ಡತನ ಅಲ್ಲ.

ಕರ್ತೃವನ್ನು ಹುಡುಕೋದೇ ಇನ್ನೊಂದು ತಾಪತ್ರಯ. ‘ದಿ ಪ್ರೈಸ್ ಆಫ್ ಆನಿಯನ್ಸ್’ ಆದಮೇಲೆ ‘ಈಸ್’ ಬರಬೇಕಾ, ‘ಆರ್’ ಬರಬೇಕಾ? ಪಕ್ಕದಲ್ಲೇ ರಾಶಿ ರಾಶಿ ಈರುಳ್ಳಿ ಬಿದ್ದಿರುವಾಗ ಕೈ ತಾನಾಗಿ ‘ಆರ್’ ಕಡೆ ಹೋಗುತ್ತದೆ. ಹುಡುಗನೂ ಅದನ್ನೇ ಬರೆದಿದ್ದ. ಅವನ ತಾತನದು ಚಳ್ಳಕೆರೆ ಹತ್ತಿರ ಈರುಳ್ಳಿ ಹೊಲ. “ಬಿದ್ದಿದ್ದು ಯಾವುದೋ, ಈರುಳ್ಳಿನಾ, ರೇಟಾ?” ಅಂತ ಕೇಳಿದೆ.

“ರೇಟು,” ಅಂದ. ಯೋಚನೆ ಮಾಡಲೇ ಇಲ್ಲ. “ಹೋದ ಸಲಾನೂ ಅದೇ ಬಿದ್ದಿದ್ದು.”