ಮೀಸೆ ಬಂದ ಪುಟ್ಟಿ

ಬೆಂಗಳೂರಿನ ಒಂದು ಕಾನೂನು ಕಾಲೇಜು. ಹೆಸರು ಬೇಡ ಬಿಡಿ. ಕೋರ್ಟಿನಲ್ಲಿ ಮಕ್ಕಳ ಪರ ವಾದ ಮಾಡೋದು ಹೇಗೆ ಅಂತ ವಿದ್ಯಾರ್ಥಿಗಳಿಗೆ ಒಂದು ದಿನದ ಕಾರ್ಯಾಗಾರ. ಪರಿಚಯದ ಮೇಷ್ಟ್ರು ಕರೆದರು, ಹೋದೆ. ಹತ್ತಕ್ಕೆ ಶುರುವಾಗಬೇಕಿತ್ತು. ಮುಖ್ಯ ಅತಿಥಿಗಳು ಇನ್ನೂ ಸಿಲ್ಕ್ ಬೋರ್ಡ್ ದಾಟಿರಲಿಲ್ಲ. ಹನ್ನೊಂದೂವರೆಗೆ ದೀಪ ಹಚ್ಚಿದರು. ಆಮೇಲೆ ಪೇಟ, ಶಾಲು, ಹಣ್ಣಿನ ಬುಟ್ಟಿ.

ಪೋಕ್ಸೊ ಕೇಸಿನಲ್ಲಿ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ, ಮಗುವಿನ ಸಾಕ್ಷ್ಯವನ್ನು 30 ದಿನದೊಳಗೆ ದಾಖಲಿಸಬೇಕು, ತಡ ಆದರೆ ಕಾರಣ ಬರೆದಿಡಬೇಕು ಅಂತ ಅತಿಥಿಗಳು ಖಡಕ್ಕಾಗಿ ಹೇಳಿದರು. ತಾವು ಒಂದೂವರೆ ಗಂಟೆ ತಡವಾಗಿದ್ದಕ್ಕೆ ಕಾರಣ ಹೇಳಲಿಲ್ಲ. ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ಪ್ರಶ್ನೆ ಜಡ್ಜ್ ಮೂಲಕವೇ ಹೋಗಬೇಕು. 2012ರ ಈ ಕಾಯ್ದೆಯ ನಿಜಕ್ಕೂ ಒಳ್ಳೆ ಮಾತು ಇದು. ಅದನ್ನೂ ನಲವತ್ತು ನಿಮಿಷ ಇಂಗ್ಲಿಷಿನಲ್ಲೇ ವಿವರಿಸಿದರು. ನಮ್ಮೂರ ಮಕ್ಕಳು ಇಂಗ್ಲಿಷಿನಲ್ಲೇ ಅಳ್ತಾರೆ ಅಂದುಕೊಂಡಿರಬೇಕು.

ತಪ್ಪು ಮಾಡಿದ ಆರೋಪ ಹೊತ್ತ ಮಕ್ಕಳ ಕೇಸು ನೋಡೋ ಬಾಲನ್ಯಾಯ ಮಂಡಳಿಯಲ್ಲಿ ಕಟಕಟೆ, ಎತ್ತರದ ವೇದಿಕೆ ಇರಕೂಡದು ಅನ್ನೋದು 2016ರ ಮಾದರಿ ನಿಯಮ. ಅದನ್ನು ಹೇಳಿದ್ದೂ ಎತ್ತರದ ವೇದಿಕೆ ಮೇಲಿಂದಲೇ. ಪಕ್ಕದಲ್ಲೇ ತೇಗದ ಕಟಕಟೆ ಪಳಪಳ ಹೊಳೀತಿತ್ತು.

ಊಟ ಆಯ್ತು. ಬಿಸಿಬೇಳೆಬಾತ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆಮೇಲೆ ಅಣಕು ಕೋರ್ಟ್. ಗಂಡ ಹೆಂಡತಿ ಬೇರೆ ಆಗಿದ್ದಾರೆ, ಏಳು ವರ್ಷದ ಮಗಳು ಯಾರ ಹತ್ತಿರ ಇರಬೇಕು? ಮಗುವನ್ನು ಎಲ್ಲಿಂದ ತರೋದು? ಕೊನೇ ವರ್ಷದ ಹುಡುಗನೊಬ್ಬನನ್ನು ಕಟಕಟೆ ಹತ್ತಿಸಿದರು. ಗಡ್ಡ, ಮೀಸೆ ಎರಡೂ ಇತ್ತು.

"ಪುಟ್ಟಿ, ಅಪ್ಪನ ಹತ್ರ ಇರ್ತೀಯಾ, ಅಮ್ಮನ ಹತ್ರ ಇರ್ತೀಯಾ?"

ಪುಟ್ಟಿ ಗಂಟಲು ಸರಿಮಾಡಿಕೊಂಡಿತು. "ಮೈ ಲಾರ್ಡ್, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್, ಸೆಕ್ಷನ್ 17ರ ಪ್ರಕಾರ ನನ್ನ ಇಷ್ಟವನ್ನೂ ಕೋರ್ಟ್ ಪರಿಗಣಿಸಬಹುದು."

ಚಪ್ಪಾಳೆ ಬಿತ್ತು. ನಿಜವಾದ ಪುಟ್ಟಿ ಆಗಿದ್ದರೆ ಫ್ರಾಕ್ ತುದಿ ಬಾಯಲ್ಲಿಟ್ಟುಕೊಂಡು ಹತ್ತು ನಿಮಿಷ ಸುಮ್ನೆ ನಿಂತಿರ್ತಿತ್ತು, ಅಲ್ವಾ? ಆ ಹತ್ತು ನಿಮಿಷ ವಕೀಲ ಏನು ಮಾಡಬೇಕು ಅಂತ ಯಾರೂ ಕೇಳಲಿಲ್ಲ. ಅಂಕಪಟ್ಟಿ ಇಣುಕಿ ನೋಡಿದೆ. ಕೋಟು ಹಾಕಿದ್ದಕ್ಕೆ ಐದು, ತಲೆಬಾಗಿದ್ದಕ್ಕೆ ಐದು. ಕೇಳಿಸಿಕೊಂಡಿದ್ದಕ್ಕೆ ಕಾಲಂ ಇರಲಿಲ್ಲ.

ಕೊನೆಗೆ ಗ್ರೂಪ್ ಫೋಟೋ. ವಾಚ್‌ಮನ್ ಮಗಳು ಎರಡನೇ ಕ್ಲಾಸಂತೆ, ಬ್ಯಾನರ್ ಮುಂದೆ ನಿಂತು ಕೆಳಗಿದ್ದ ಕನ್ನಡದ ಸಾಲು ಕೂಡಿಸಿ ಓದುತ್ತಿತ್ತು. "ಮ... ಕ್ಕ... ಳ... ಮಾ... ತು... ಕೇ..."

"ಶ್! ಸೈಡಿಗೆ ಹೋಗಮ್ಮ," ಅಂದರು ಸಂಚಾಲಕಿ ಮೇಡಂ. "ಬ್ಯಾನರ್ ಕಾಣ್ತಿಲ್ಲ."