ಯೂರಿಯಾ ಸುರಿದರೆ ಗೆಣಸು ದಪ್ಪ ಆಗುವುದಿಲ್ಲ

ಸಂಕ್ರಾಂತಿಗೆ ಗೆಣಸು ಸಿಗಲಿ ಅಂತ ಮಂಡ್ಯದ ಕಡೆ ಬಳ್ಳಿ ನೆಡುವ ಹೊತ್ತಿಗೆ ವಾಟ್ಸಾಪ್‌ನಲ್ಲಿ ಆ ಸಂದೇಶ ಮತ್ತೆ ಬರುತ್ತದೆ: ವಾರಕ್ಕೊಮ್ಮೆ ಯೂರಿಯಾ ಹಾಕಿ, ಗೆಡ್ಡೆ ದುಪ್ಪಟ್ಟಾಗುತ್ತದೆ. ಇದು ನಿಜವಲ್ಲ. ಯೂರಿಯಾದಲ್ಲಿ ಶೇಕಡಾ 46 ಸಾರಜನಕ. ಅದು ಜಾಸ್ತಿಯಾದರೆ ಬಳ್ಳಿ, ಎಲೆ ಸೊಂಪಾಗಿ ಹಬ್ಬುತ್ತವೆ, ನೆಲದೊಳಗೆ ಗೆಡ್ಡೆ ಕಟ್ಟುವುದು ಕಡಿಮೆಯಾಗುತ್ತದೆ. ಗೆಡ್ಡೆ ತುಂಬಲು ಪೊಟ್ಯಾಷ್ ಬೇಕು, ಸಡಿಲ ಮಣ್ಣು ಬೇಕು. ಹಸಿರು ನೋಡಿದರೆ ಬೆಳೆ ಚೆನ್ನಾಗಿದೆ ಅನ್ನಿಸುವುದು ಸಹಜ ಅಲ್ವಾ, ಅದಕ್ಕೇ ಜನ ಒಳ್ಳೆ ಮನಸ್ಸಿನಿಂದಲೇ ಕಳಿಸುತ್ತಾರೆ.

ಇಂಥದ್ದು ಬಂದಾಗ ಯಾವ ಮಣ್ಣು, ಎಕರೆಗೆ ಎಷ್ಟು, ಗೆಡ್ಡೆ ತೂಗಿ ನೋಡಿದರಾ ಅಂತ ಅದರಲ್ಲಿ ಹುಡುಕಿ. ಮಣ್ಣು ಪರೀಕ್ಷೆ ಮಾಡಿಸಿ. ನಿಮ್ಮ ಹೊಲದಲ್ಲೇ ಎರಡು ಸಾಲಿಗೆ ಮಾತ್ರ ಹೆಚ್ಚುವರಿ ಯೂರಿಯಾ ಹಾಕಿ, ಪಕ್ಕದ ಎರಡು ಸಾಲಿನ ಜೊತೆ ಒಂದೇ ದಿನ ಕಿತ್ತು, ಬಳ್ಳಿ ಬಿಟ್ಟು ಗೆಡ್ಡೆಯನ್ನಷ್ಟೇ ಬೇರೆ ಬೇರೆ ತೂಗಿ.