ಮೂರು ಕತ್ತಿಯ ಕೊನೆಗೌಡ

ಜೂನ್ ಮೊದಲ ವಾರ ಅಕ್ಕನ ಮಗ ಬೆಂಗಳೂರಿನಿಂದ ಬಂದವನು ಒಂದು ರಟ್ಟಿನ ಪೆಟ್ಟಿಗೆಯನ್ನು ಬಾಣಂತಿ ಮಗು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಸ್ಸಿಳಿದ. ಬಟ್ಟೆಯ ಬ್ಯಾಗು ನನ್ನ ಹೆಗಲಿಗೆ ಬಂತು, ಪೆಟ್ಟಿಗೆ ಮಾತ್ರ ಕೊಡಲಿಲ್ಲ. ಅವನು ಪೀಜಿ ಬದಲಾಯಿಸುವುದಿತ್ತಂತೆ. ಹೊಸ ಕಡೆ ರೂಮಲ್ಲಿ ಜೊತೆಗೆ ಯಾರಿರುತ್ತಾರೋ ಏನೋ, ಚೌತಿಯವರೆಗೆ ಇದು ನಿಮ್ಮಲ್ಲೇ ಇರಲಿ ಅಂದ.

ಪೆಟ್ಟಿಗೆಯೊಳಗೆ ಗೇಣುದ್ದಕ್ಕಿಂತ ಕಮ್ಮಿಯ ಒಂದು ಬೊಂಬೆ. ಹಸಿರು ಕೂದಲು, ಸೊಂಟಕ್ಕೆ ಹಸಿರು ಪಟ್ಟಿ, ಎರಡು ಕೈಗೆರಡು ಕತ್ತಿ, ಸಾಲದ್ದಕ್ಕೆ ಬಾಯಲ್ಲೊಂದು. ಅಮ್ಮ ಕನ್ನಡಕ ಏರಿಸಿ ನೋಡಿದಳು.

"ಕೊನೆಗೌಡ ಅಲ್ಲನಾ ಇದು? ಕತ್ತಿ ಕಚ್ಕೊಂಡು ಅಡಿಕೆ ಕೊನೆ ಕೊಯ್ಯೋಕೆ ಮರ ಹತ್ತೋಕೆ ಹೊರಟ ಹಂಗಿದಾನೆ."

"ಜೋರೋ ಅಂತ ಹೆಸರು ಅಜ್ಜಿ. ಒನ್ ಪೀಸ್ ಅನ್ನೋ ಜಪಾನಿನ ಕಾರ್ಟೂನಿನವನು."

"ಜೋರಾಗೇ ಇದಾನೆ ಬಿಡು. ಒಂದೇ ಕಿವಿಗೆ ಮೂರು ಓಲೆ ಬೇರೆ."

ಎಷ್ಟು ಕೊಟ್ಟೆ ಅಂತ ಅಮ್ಮ ಕೇಳಿದಳು. ಹುಡುಗ 4,800 ಅಂದ. ಅಮ್ಮ ಏನೂ ಹೇಳದೆ ಒಳಗೆ ಹೋಗಿ ಹಾಲಿಗೆ ಹೆಪ್ಪು ಹಾಕಿದಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಟೀಕೆ ಇಲ್ಲ.

ನನಗೋ ಕುತೂಹಲ. ಅಡಿಕೆ ಬೆಳೆಯುವವನಿಗೆ ಯಾವುದನ್ನು ಕೈಗೆ ಕೊಟ್ಟರೂ ಇದು ಯಾವ ದರ್ಜೆ ಅಂತ ನೋಡುವ ಚಟ ಹೋಗುವುದಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಶಿವಮೊಗ್ಗ ಮಂಡಿಯಲ್ಲಿ ಒಂದೇ ಮರದ ಕಾಯಿಗೆ ನಾಲ್ಕು ಜಾತಿ. ಹಾಗಿದ್ದಮೇಲೆ ಬೊಂಬೆಗೂ ಜಾತಿ ಇರಲೇಬೇಕು. ಇದೆ. ಜಪಾನಿನಲ್ಲಿ ಕಾಸು ಹಾಕಿ ಕೊಕ್ಕೆಯಿಂದ ಎತ್ತಿಕೊಳ್ಳುವ ಆಟದ ಯಂತ್ರಗಳಿಗೆಂದೇ ಮಾಡುವ ಅಗ್ಗದ ಬೊಂಬೆ ಒಂದು ಬಗೆ. ದಪ್ಪ ತಲೆ, ಕುಳ್ಳ ಮೈಯ ಹತ್ತು ಸೆಂಟಿಮೀಟರಿನ ನೆಂಡೊರಾಯ್ಡ್ ಇನ್ನೊಂದು, 2006ರಿಂದ ಬರುತ್ತಿದೆ. ಇಟ್ಟ ಭಂಗಿಯಲ್ಲೇ ನಿಂತಿರುವ, ಏಳರಲ್ಲೊಂದು ಎಂಟರಲ್ಲೊಂದು ಅಂತ ಅಳತೆ ಹಿಡಿದು ಮಾಡುವ ದುಬಾರಿಯವು ಮತ್ತೊಂದು. ನಮ್ಮ ಜೋರೋ ಕೀಲುಗೊಂಬೆ. ಮೊಣಕೈ, ಮೊಣಕಾಲು, ಪಾದದ ಕೀಲು ಎಲ್ಲಾ ತಿರುಗುತ್ತದೆ, ಮುಖ ಕಿತ್ತು ಬೇರೆ ಮುಖ ಹಾಕಬಹುದು, ಅಂಗೈ ತೆಗೆದು ಮುಷ್ಟಿ ಸಿಕ್ಕಿಸಬಹುದು. ಮಾಡಿದ್ದು ಬಂಡಾಯ್ ಕಂಪನಿ.

"ಬಂಡಾಯವಾ?" ಅಂದರು ದೊಡ್ಡಪ್ಪ. "ನಮಗೆ ಗೊತ್ತಿರೋ ಬಂಡಾಯ 51ರ ಕಾಗೋಡು ಗೇಣಿದಾರರದ್ದು ಒಂದೇ ಮಾರಾಯ."

ದೊಡ್ಡಪ್ಪ ಮೂವತ್ತು ವರ್ಷ ಶಿವಮೊಗ್ಗದ ಒಂದು ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಮೂಟೆಗೆ ಕೈ ಹಾಕಿ ನಾಲ್ಕು ಅಡಿಕೆ ತೆಗೆದು ಅಂಗೈಯಲ್ಲಿ ಕುಲುಕಿ, ಸದ್ದಿನಲ್ಲೇ ಒಣಗಿದೆಯೋ ಇಲ್ಲವೋ ಹೇಳುವ ಪೈಕಿ. ಬೊಂಬೆಯನ್ನೂ ಮೊದಲು ಕಿವಿಯ ಹತ್ತಿರ ಹಿಡಿದು ಕುಲುಕಿದರು. ಆಮೇಲೆ ಹೆಬ್ಬೆರಳಿಗೆ ಎಂಜಲು ಮಾಡಿ ಜೋರೋನ ಹಸಿರು ತಲೆ ಉಜ್ಜಿದರು. ಬಣ್ಣ ಹಾಕಿ ಕೆಂಪು ಮಾಡಿದ ಅಡಿಕೆಯೋ ಚೊಗರಿನಲ್ಲಿ ಬೇಯಿಸಿದ ನಿಜವಾದ ಕೆಂಪೋ ಅಂತ ನೋಡುವ ಕ್ರಮ ಅದು. ನನ್ನ ಪುಣ್ಯ, ಹುಡುಗ ಅಷ್ಟರಲ್ಲಿ ವಾಪಸು ಹೋಗಿದ್ದ. "ಬಣ್ಣ ಬಿಡಲ್ಲ, ಮಾಲು ಒಳ್ಳೇದೇ" ಅಂತ ತೀರ್ಪು ಕೊಟ್ಟು ದೊಡ್ಡಪ್ಪ ಕವಳಕ್ಕೆ ಕೈ ಹಾಕಿದರು.

ಒಳ್ಳೆಯದು ಅನ್ನುವುದು ನನಗೆ ತಿಳಿದದ್ದು ಕೆಟ್ಟದ್ದನ್ನು ಕೊಂಡಮೇಲೆ. ಮುಂದಿನ ವಾರ ಶಿವಮೊಗ್ಗಕ್ಕೆ ಹೋದಾಗ ಗಾಂಧಿ ಬಜಾರಿನ ಆಸುಪಾಸಿನ ಒಂದು ಅಂಗಡಿಯಲ್ಲಿ ಅದೇ ಹಸಿರು ತಲೆ ಕಂಡಿತು. 450 ರೂಪಾಯಿ. ಸೊಸೈಟಿ ಸಾಲಕ್ಕೆಂದು ಇಟ್ಟುಕೊಂಡ ದುಡ್ಡಿನಲ್ಲಿ ಕೊಂಡೆ. ಮನೆಗೆ ತಂದು ಚಾವಡಿಯ ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಬ್ಯಾಟರಿ ಬಿಟ್ಟು ನೋಡಿದೆ.

ಮೊದಲ ವ್ಯತ್ಯಾಸ ಮೂಗಿಗೆ ತಿಳಿಯಿತು. ಅಂಗಡಿಯದ್ದು ಹೊಸ ಟಾರ್ಪಾಲಿನ ವಾಸನೆ ಹೊಡೆಯುತ್ತಿತ್ತು. ಆಮೇಲೆ ಚರ್ಮ: ನಿಜದ್ದರ ಮೈ ಹೊಳೆಯುವುದಿಲ್ಲ, ಒರೆಸಿಟ್ಟ ಕೆನ್ನೆಯ ಹಾಗಿದೆ. ಇನ್ನೊಂದು ಎಣ್ಣೆಸ್ನಾನಕ್ಕೆ ಕೂತವನ ಹಾಗೆ ಮಿರಮಿರ. ಕಿವಿಗೆ ಬಂದೆ. ನಿಜದ್ದರಲ್ಲಿ ಮೂರು ಓಲೆಯೂ ಬೇರೆಬೇರೆ, ಒಂದೊಂದೂ ರಾಗಿಕಾಳಿಗಿಂತ ಸಣ್ಣದು, ಚಿನ್ನದ ಬಣ್ಣ ಕಿವಿಗೆ ಸೋಕಿಲ್ಲ. ನಕಲಿನಲ್ಲಿ ಮೂರೂ ಅಂಟಿಕೊಂಡು ಹಳದಿ ಕೀವು ಸೋರಿದ ಕಿವಿಯಾಗಿತ್ತು. ಕಣ್ಣಿನ ಕಪ್ಪು ಗುಡ್ಡೆ ಒಂದು ಎಳೆ ಆಚೆ ಸರಿದು ಮಹಾಶೂರ ಮೆಳ್ಳೆಗಣ್ಣನಾಗಿದ್ದ. ಸಾಗರದ ಗುಡಿಗಾರರು ಗಂಧದಲ್ಲಿ ಕೆತ್ತಿದ ಗಣಪತಿಯನ್ನು ಕೊಳ್ಳುವಾಗಲೂ ನಾವು ನೋಡುವುದು ಇದನ್ನೇ ತಾನೆ: ಕಣ್ಣು ಎಲ್ಲಿ ನೋಡುತ್ತಿದೆ, ಬೆರಳಿಗೆ ಬೆರಳು ಬಿಡಿಸಿದ್ದಾನೋ ಇಲ್ಲವೋ.

ಸ್ಕೇಲು ಹಿಡಿದರೆ ನಕಲು ಮೂರು ಮಿಲಿಮೀಟರ್ ಗಿಡ್ಡ. ಕಾರಣ ಹುಡುಗ ಫೋನಿನಲ್ಲಿ ಹೇಳಿದ. ಅಸಲಿನ ಮೇಲೇ ಅಚ್ಚು ತೆಗೆದು ಎರಕ ಹೊಯ್ದರೆ ಆರುವಾಗ ಒಂದಿಷ್ಟು ಕುಗ್ಗುತ್ತದೆ, ಮೂಲೆಗಳು ಮೊಂಡಾಗುತ್ತವೆ. ಪೆಟ್ಟಿಗೆಯ ಮೇಲೆ ಆ ಕಾರ್ಟೂನು ಮಾಡುವ ತೋಯೆ ಆನಿಮೇಷನ್‌ನ ಮಿರುಗುವ ಚೀಟಿ ಇದೆಯಾ ಅಂತ ಕೇಳಿದ. ಅದರ ನಕಲೂ ಬರುತ್ತದಂತೆ! ಕೊನೆಗೆ ಒಂಟಿಕಾಲಿನ ಪರೀಕ್ಷೆ. ಅಸಲು ಒಂದು ಕಾಲೆತ್ತಿ, ಮೂರು ಕತ್ತಿ ಹೊತ್ತು, ನಾನು ಕಾಫಿ ಕುಡಿದು ಮುಗಿಸುವವರೆಗೂ ಅಲ್ಲಾಡದೆ ನಿಂತಿತು. ನಕಲಿನ ಸೊಂಟದ ಕೀಲು ಸಡಿಲ. ಸಂಜೆ ಗಡಂಗಿನಿಂದ ಬರುವವರ ಹಾಗೆ ಮೊದಲು ಮಂಡಿ ಬಗ್ಗಿಸಿ, ಒಂದು ಕ್ಷಣ ಯೋಚಿಸಿ, ಮುಗ್ಗರಿಸಿತು.

ಗುಣ ಇಷ್ಟಾಯಿತು, ಬೆಲೆಯ ಲೆಕ್ಕ ಬೇರೆಯೇ. ಜಪಾನಿನ ಅಮಿಅಮಿ ಅಂಗಡಿಯವರು ಹಳೆ ಬೊಂಬೆ ಮಾರುವಾಗ ಬೊಂಬೆಗೊಂದು ದರ್ಜೆ, ಪೆಟ್ಟಿಗೆಗೊಂದು ದರ್ಜೆ ಬರೆಯುತ್ತಾರೆ. ಗೋಣಿಚೀಲಕ್ಕೆ ಬೇರೆ ದರ್ಜೆ ಕಟ್ಟಿದರೆ ನಮ್ಮ ಮಂಡಿ ಒಂದೇ ದಿನದಲ್ಲಿ ಮುಚ್ಚಬೇಕು. ಒಡೆಯದ ಪೆಟ್ಟಿಗೆಗೆ ಹೆಚ್ಚು ಬೆಲೆ. ಒಡೆದರೆ ಮುಖ, ಅಂಗೈ, ಕತ್ತಿ, ಅವು ಕೂತಿದ್ದ ಗುಂಡಿಗುಂಡಿಯ ಪ್ಲಾಸ್ಟಿಕ್ ಹಾಳೆ, ಎಲ್ಲವೂ ಲೆಕ್ಕಕ್ಕೆ ಸರಿ ಇರಬೇಕು. ಕಂಪನಿ ಅದೇ ಬೊಂಬೆಯನ್ನು ಮತ್ತೆ ಬಿಡುತ್ತದೆ ಅಂತ ಸುದ್ದಿ ಬಂದರೆ ಹಳೆಯದರ ದರ ಬೀಳುತ್ತದೆ. ಇದು ಮಾತ್ರ ವಿವರಿಸಬೇಕಾಗಲಿಲ್ಲ. ಹೊರಗಿನ ಅಡಿಕೆ ಆಮದಾಗುತ್ತದೆ ಅಂತ ಪೇಪರಿನಲ್ಲಿ ಬಂದ ದಿನ ನಮ್ಮ ಊರಿನವರ ಮುಖ ನೋಡಿದರೆ ಸಾಕು. ಬಳಸದೆ ಇಟ್ಟರೆ ಬೆಲೆ ಎಂಬ ತತ್ವವೂ ನಮಗೆ ಹೊಸದಲ್ಲ. ಅಮ್ಮನ ಮದುವೆಯ ಸ್ಟೀಲು ಕೊಳಗದ ಮೇಲೆ ಅಂಗಡಿಯ ಚೀಟಿ ಇನ್ನೂ ಇದೆ, ಅಟ್ಟದಲ್ಲಿ.

ಅಷ್ಟೊತ್ತಿಗೆ ಆಷಾಢದ ಮಳೆ ಹಿಡಿಯಿತು. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಸಿಕೊಳ್ಳುವ ಆಗುಂಬೆ ನಮಗೆ ಗುಡ್ಡದಾಚೆಯ ನೆರೆಮನೆ. ಬಿಸಿಲಿಗೆ ಇಡಬೇಡ ಅಂದಿದ್ದ ಹುಡುಗನ ಮಾತನ್ನು ಪಾಲಿಸುವುದು ಕಷ್ಟವಾಗಲಿಲ್ಲ. ಬಿಸಿಲು ಇದ್ದರೆ ತಾನೆ! ಆದರೆ ಒಂದು ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯ ಮೇಲೆ ಬೂದಿ ಬಣ್ಣದ ಬೂಷ್ಟು, ಬೊಂಬೆ ಮುಟ್ಟಿದರೆ ಸಣ್ಣಗೆ ಅಂಟು. ಈ ಪ್ಲಾಸ್ಟಿಕ್ ಮೆದುವಾಗಿರಲಿ ಅಂತ ಬೆರೆಸಿದ ಎಣ್ಣೆಯಂಥ ವಸ್ತು ಮೆಲ್ಲಗೆ ಹೊರಗೆ ಜಿನುಗುತ್ತದೆ. ಗಾಳಿಯಾಡದ ಕಡೆ ಮುಚ್ಚಿಟ್ಟರೆ ಜಾಸ್ತಿ. ಉಗುರುಬೆಚ್ಚಗಿನ ಸೋಪುನೀರಲ್ಲಿ ತೊಳೆದರೆ ಹೋಗುತ್ತದೆ. ತೊಳೆದೆ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನೂ ತೊಳೆದು ಜಗಲಿಯ ಗಿಳಿಗೂಟಕ್ಕೆ ನೇತುಹಾಕಿದೆ. ಒಣಗಿಸುವುದು? ಮಳೆಗಾಲದಲ್ಲಿ ನಮ್ಮ ಮನೆಯ ಪಂಚೆ, ಪುಸ್ತಕ, ಬೆಂಕಿಪೊಟ್ಟಣ ಎಲ್ಲವೂ ಒಣಗುವುದು ಬಚ್ಚಲ ಒಲೆಯ ದಂಡೆಯಲ್ಲಿ. ಬಿಸಿ ತಾಗಿಸಬೇಡ ಅಂದಿದ್ದು ಹೌದು, ಆದರೆ ಅದು ಬಿಸಿಯಲ್ಲ, ಬೆಚ್ಚಗೆ ಅಂತ ನನಗೆ ನಾನೇ ಹೇಳಿಕೊಂಡೆ.

ಎರಡು ಗಂಟೆ ಬಿಟ್ಟು ಬಂದರೆ ಬಾಯಿಯ ಕತ್ತಿ ಎರಡೂ ತುದಿಗೆ ಜೋತು ಬಿದ್ದು ಬಾಗಿತ್ತು. ಜಪಾನಿನ ಖಡ್ಗ ನಮ್ಮೂರಿನ ಕೊನೆಕತ್ತಿಯಾಗಿತ್ತು. ಅಮ್ಮ "ಈಗ ಸರಿಯಾಯ್ತು ನೋಡು" ಅಂದಳು.

ಮದ್ದೂ ಬಚ್ಚಲಲ್ಲೇ ಇತ್ತು. ಹಂಡೆಯಿಂದ ಕುದಿಯುವ ನೀರು ತಂಬಿಗೆಗೆ ಬಗ್ಗಿಸಿ, ಕತ್ತಿಯೊಂದನ್ನೇ ಇಕ್ಕಳದಲ್ಲಿ ಹಿಡಿದು ಅದ್ದಿ, ಮೆತ್ತಗಾದ ಕೂಡಲೇ ನೆಟ್ಟಗೆ ಮಾಡಿ, ತಕ್ಷಣ ತಣ್ಣೀರಿಗೆ. ಗುಡ್ಡದಿಂದ ಹರಿದು ಬರುವ ಅಬ್ಬಿಯ ನೀರು ಜುಲೈಯಲ್ಲಿ ಮಂಜುಗಡ್ಡೆಯೇ ಸೈ. ಮೂರನೇ ಸಲಕ್ಕೆ ಕತ್ತಿ ಕತ್ತಿಯಾಯಿತು. ತುದಿಯಲ್ಲಿ ಕೂದಲೆಳೆಯಷ್ಟು ಸೊಟ್ಟ ಉಳಿದಿದೆ, ಗೊತ್ತಿರುವವರಿಗೆ ಮಾತ್ರ ಕಾಣುತ್ತದೆ.

ಚೌತಿಗೆ ಹುಡುಗ ಬಂದ. ಬೊಂಬೆಯನ್ನು ಬೆಳಕಿಗೆ ಹಿಡಿದು ಕೀಲು ಕೀಲು ತಿರುಗಿಸಿ ನೋಡಿದ. ಕತ್ತಿಯ ತುದಿಯಲ್ಲಿ ಒಂದು ಗಳಿಗೆ ನಿಂತ, ಏನೂ ಹೇಳಲಿಲ್ಲ. ಪೆಟ್ಟಿಗೆಯ ಬೂಷ್ಟಿನ ಕಲೆ ನೋಡಿ "ಬೊಂಬೆ ಎ, ಪೆಟ್ಟಿಗೆ ಸಿ" ಅಂದ. ಆಮೇಲೆ ಪೆಟ್ಟಿಗೆ ತೆರೆದು, "ಮಾವ, ಒಳಗಿನ ಹಾಳೆ ಎಲ್ಲಿ?"

ಗಿಳಿಗೂಟ ನೋಡಿದೆ. ಇರಲಿಲ್ಲ. ಅಟ್ಟ ಹುಡುಕಿದೆವು, ಕಸದಬುಟ್ಟಿ ಬಗ್ಗಿಸಿದೆವು. ಅಷ್ಟರಲ್ಲಿ ಅಮ್ಮ ದೇವರಕೋಣೆಯಿಂದ ಮಂಗಳಾರತಿಗೆ ಕರೆದಳು. ಗೌರಿಯ ಮುಂದೆ, ಬಾಳೆಎಲೆಯ ಪಕ್ಕ, ಹಾಳೆ ಫಳಫಳ ಹೊಳೆಯುತ್ತಿತ್ತು. ಮುಖಗಳಿದ್ದ ಗುಂಡಿಯಲ್ಲಿ ಅಕ್ಷತೆ, ಬಿಚ್ಚಿದ ಅಂಗೈಯ ಗುಂಡಿಯಲ್ಲಿ ಅರಿಶಿನ, ಮುಷ್ಟಿಯ ಗುಂಡಿಯಲ್ಲಿ ಕುಂಕುಮ, ಕತ್ತಿಗಳಿದ್ದ ಉದ್ದ ಗೆರೆಯಲ್ಲಿ ಮೂರು ಊದುಬತ್ತಿ.

"ಅಂಗಡೀಲಿ ಇಂಥದ್ದು ಸಿಗಲ್ಲ ಕಣೋ, ಒಂದಕ್ಕೊಂದು ಬೆರೆಯಲ್ಲ" ಅಂತ ಅಮ್ಮ ಅದನ್ನೇ ಮೊಮ್ಮಗನ ಮುಂದೆ ಹಿಡಿದಳು. ಅವನು ನನ್ನ ಮುಖ ನೋಡಿದ, ಹಾಳೆ ನೋಡಿದ. ಮುಷ್ಟಿಯೊಳಗೆ ಉಂಗುರಬೆರಳು ಅದ್ದಿ ಹಣೆಗೆ ಹಚ್ಚಿಕೊಂಡ.